ಕಾವಲಿನ ಸಂಜೆ

ಇವತ್ತು ಸಂಜೆ ಕಡೂರಿನ ಬಾಸೂರು ಅಮೃತಮಹಲ್ ಕಾವಲಿನ ಅಂಚಲ್ಲಿದ್ವಿ. ಕಾವಲು ಅಂದ್ರೆ ಅಮೃತಮಹಲ್ ದನಗಳ ಮೇವಿಗೆ ಅಂತ ಬಿಟ್ಟಿದ್ದ ಹುಲ್ಲುಗಾವಲು. ಚಳಿಗಾಳಿ ಬೇರೆ.

ಹೊತ್ತು ಇಳೀತಿದ್ದ ಹಾಗೆ ಹ್ಯಾರಿಯರ್ ಗಿಡುಗಗಳು ಒಂದೊಂದಾಗಿ ಬಂದ್ವು. ಮರಕ್ಕಲ್ಲ, ಸೀದಾ ಹುಲ್ಲಿಗೆ ಇಳಿದ್ವು. ಇವು ರಾತ್ರಿ ಕಳೆಯೋದೇ ನೆಲದ ಮೇಲೆ.

ಒಂದು ಹೆಣ್ಣು ತೀರಾ ಹತ್ತಿರ ಹಾದು ಹೋಯ್ತು. ಅದರ ಮುಖ ನೋಡ್ಬೇಕಿತ್ತು ನೀವು! ಥೇಟ್ ಗೂಬೆ. ಕೆನ್ನೆ ಸುತ್ತ ದುಂಡಗೆ ಗರಿಗಳ ಅಂಚು. ಹುಲ್ಲೊಳಗೆ ಇಲಿ ಸರಿದಾಡೋ ಸದ್ದನ್ನ ಕಿವಿಗೆ ಮುಟ್ಟಿಸೋದು ಅದೇ. ಗೂಬೆಗೂ ಅಷ್ಟೇ. ನೆಂಟಸ್ತಿಕೆ ದೂರದ್ದು, ಕಸುಬು ಮಾತ್ರ ಒಂದೇ.

ಮಧ್ಯ ಏಷ್ಯಾದ ಕಡೆಯಿಂದ ಹಾರಿ ಬರೋ ಹಕ್ಕಿಗೆ ಇಲ್ಲಿ ಬೇಕಿರೋದು ಬರೀ ಹುಲ್ಲು. 2011ರಲ್ಲಿ ಈ ಕಾವಲನ್ನ ಸಂರಕ್ಷಣಾ ಮೀಸಲು ಮಾಡಿದ್ರು, ಪುಣ್ಯ. ಹುಲ್ಲುಗಾವಲು ಕಂಡ್ರೆ ಖಾಲಿ ಬಿದ್ದಿದೆ, ಗಿಡ ನೆಡೋಣ ಅನ್ನೋರಿಗೆ ಒಂದು ಸಲ ಇದನ್ನ ತೋರಿಸ್ಬೇಕು.

ಜನವರಿ ಮುಗಿಯೋದ್ರೊಳಗೆ ಯಾರ್ಯಾರು ಬರ್ತೀರಿ?