ಬೋನ್ ಊರಿನ ಆಸ್ಪತ್ರೆ ಹರಾಜು

ಫ್ರಾನ್ಸಿನ ಬೋನ್ ಊರಲ್ಲಿ ನವೆಂಬರ್ ತಿಂಗಳ ಮೂರನೇ ಭಾನುವಾರ ವೈನ್ ಹರಾಜು ನಡೆಯುತ್ತದೆ. ಹರಾಜಾಗುವುದು ಬಾಟಲಿಗಳಲ್ಲ, ಪೀಪಾಯಿಗಳು. ಒಂದೊಂದರಲ್ಲಿ 228 ಲೀಟರ್, ಅಂದರೆ ಸುಮಾರು 300 ಬಾಟಲಿಯಷ್ಟು. ದ್ರಾಕ್ಷಿ ಕೊಯ್ದು ಎರಡು ಮೂರು ತಿಂಗಳೂ ಆಗಿರುವುದಿಲ್ಲ. ಕೊಂಡವರು ಅದನ್ನು ಇಲ್ಲಿನ ವ್ಯಾಪಾರಿಯೊಬ್ಬರ ನೆಲಮಾಳಿಗೆಯಲ್ಲಿ ಒಂದೆರಡು ವರ್ಷ ಬಿಟ್ಟು, ಆಮೇಲೆ ಬಾಟಲಿಗೆ ತುಂಬಿಸಿಕೊಳ್ಳಬೇಕು. ಇನ್ನೂ ಕುಡಿಯಲು ಬಾರದ ವೈನಿಗೆ ಲಕ್ಷ ಲಕ್ಷ ಸುರಿಯುವ ಜನ ಯಾರಪ್ಪಾ ಅಂತ ನೋಡುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಮೊದಲು ರೂಮಿನ ಕಥೆ ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತದೆ. ತಿಂಗಳುಗಳ ಮೊದಲೇ ಬೋನ್‌ನಲ್ಲಿ ಒಂದು ಮನೆಯ ಕೋಣೆ ಬುಕ್ ಮಾಡಿದ್ದೆ. ಹೊರಡುವ ವಾರ ಮನೆಯೊಡೆಯರಿಂದ ಮೆಸೇಜು ಬಂತು: ನೀರಿನ ಪೈಪು ಒಡೆದಿದೆ, ಕ್ಷಮಿಸಿ. ಮಾರನೇ ದಿನ ನೋಡಿದರೆ ಅದೇ ಕೋಣೆ, ಅದೇ ತಾರೀಖು, ಮೂರು ಪಟ್ಟು ಬಾಡಿಗೆ! ಹರಾಜಿನ ವಾರ ಊರೆಲ್ಲ ಹೀಗೇ. ಹೋಗುವವರು ಹತ್ತಿರದ ದಿಜೋನ್ ನಗರದಲ್ಲೇ ಉಳಿದುಕೊಳ್ಳಿ, ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಭಾನುವಾರ ರೈಲು ಕಡಿಮೆ, ವಾಪಸು ಬರುವ ವೇಳೆ ಮೊದಲೇ ನೋಡಿಟ್ಟುಕೊಳ್ಳಿ. ನನ್ನ ಪುಣ್ಯ, ದಿಜೋನ್‌ನಲ್ಲಿ ಓದುತ್ತಿರುವ ಗೆಳತಿಯೊಬ್ಬಳಿದ್ದಳು. ಹಾಸನದವಳು, ಫ್ರೆಂಚ್ ನೀರು ಕುಡಿದ ಹಾಗೆ ಮಾತಾಡುತ್ತಾಳೆ.

ದಿಜೋನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿನ ಹೆಸರಾಂತ ಸಾಸಿವೆ ಅಂಗಡಿಗಳಿಗೆ ಯಾಕೆ ಅಷ್ಟು ಜನ ಮುಗಿಬೀಳುತ್ತಾರೋ ನನಗಂತೂ ಅರ್ಥವಾಗಲಿಲ್ಲ.

ಬೋನ್‌ಗೆ ಹೋದವರು ಮೊದಲು ನೋಡುವುದು ಓತೆಲ್-ದ್ಯೂ. ಹೆಸರು ಕೇಳಿ ಹೋಟೆಲ್ ಅಂದುಕೊಳ್ಳಬೇಡಿ, ಅದು ಆಸ್ಪತ್ರೆ. ಈ ಸೀಮೆಯನ್ನು ಆಳುತ್ತಿದ್ದ ಬರ್ಗಂಡಿಯ ಡ್ಯೂಕನ ಬಳಿ ಚಾನ್ಸಲರ್, ಅಂದರೆ ಮುಖ್ಯ ಮಂತ್ರಿಯ ಹಾಗೆ, ಆಗಿದ್ದ ನಿಕೊಲಾ ರೋಲೆಂ, ಅವನ ಹೆಂಡತಿ ಗಿಗೋನ್ ದ ಸಲೆಂ ಸೇರಿ 1443ರಲ್ಲಿ ಬಡವರಿಗಾಗಿ ಸ್ಥಾಪಿಸಿದ್ದು. ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಕೆಂಪು, ಹಳದಿ, ಹಸಿರು ಹೊಳಪಿನ ಹೆಂಚು. ಒಳಗೆ ಉದ್ದನೆಯ ವಾರ್ಡು. ಸಾಲಾಗಿ ಕೆಂಪು ಪರದೆಯ ಮಂಚಗಳು, ಮೇಲೆ ತೊಲೆಗಳನ್ನು ನುಂಗುತ್ತಿರುವ ಬಣ್ಣದ ಡ್ರ್ಯಾಗನ್ ಬಾಯಿಗಳು. ವಾರ್ಡಿನ ತುದಿಯಲ್ಲೇ ಪ್ರಾರ್ಥನಾ ಮಂದಿರ. ರೋಗಿ ಎದ್ದು ಹೋಗುವುದು ಬೇಡ, ಮಲಗಿದಲ್ಲಿಂದಲೇ ಪೂಜೆ ಕಾಣುತ್ತದೆ. ಅಲ್ಲಿಗೆಂದು ಚಿತ್ರಕಾರ ರೋಗಿರ್ ವಾನ್ ಡರ್ ವೇಡನ್ ಬರೆದ ಕೊನೆಯ ತೀರ್ಪಿನ ಚಿತ್ರ, ಅಂದರೆ ಸತ್ತವರನ್ನು ಸ್ವರ್ಗಕ್ಕೋ ನರಕಕ್ಕೋ ಕಳಿಸುವ ದಿನದ ಚಿತ್ರ, ಈಗ ಬೇರೆ ಕೋಣೆಯಲ್ಲಿದೆ. ಖಾಯಿಲೆ ಬಿದ್ದವರ ಕಣ್ಣೆದುರು ನರಕಕ್ಕೆ ಬೀಳುವವರ ಚಿತ್ರ ಇಡಬೇಕಿತ್ತಾ ಅಂತ ನನಗೆ ಅನ್ನಿಸಿತು.

ಹರಾಜು ನಡೆಯುವುದು ಎದುರಿನ ಹಳೇ ಮಾರುಕಟ್ಟೆ ಕಟ್ಟಡದಲ್ಲಿ. ನಮ್ಮಂಥವರು ಹೊರಗೆ, ಹರಾಜು ತೋರಿಸುವ ಟಿವಿ ಪರದೆಯ ಮುಂದೆ. ಬೀದಿ ತುಂಬ ತಿಂಡಿ ಅಂಗಡಿ, ವಾದ್ಯ, ಗದ್ದಲ. ಮೈ ಕೊರೆಯುವ ಚಳಿಯಲ್ಲಿ ಬಿಸಿ ಬಿಸಿ ಗೂಜೇರ್ ಸಿಕ್ಕಿತು. ಚೀಸ್ ಹಾಕಿ ಉಬ್ಬಿಸಿದ ಪುಟ್ಟ ಉಂಡೆ. ಇಡೀ ಪ್ರವಾಸದಲ್ಲಿ ಬಾಯಿಗೆ ಹಿಡಿಸಿದ್ದು ಅಂದರೆ ಅದೇ. ವೈನಿನಲ್ಲಿ ಬೇಯಿಸಿದ ಮೊಟ್ಟೆಯೂ ಇಲ್ಲಿ ಹೆಸರುವಾಸಿ, ಆದರೆ ಅದರಲ್ಲಿ ಹಂದಿಮಾಂಸದ ಚೂರು ಹಾಕುತ್ತಾರೆ. ತಿನ್ನದವರು ಕೇಳಿಕೊಂಡು ತಟ್ಟೆಗೆ ಕೈ ಹಾಕಿ.

ಅಲ್ಲೇ ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ನಮ್ಮನ್ನು ಕೇಳಿದರು, "ಈಗಿನದು ಎಷ್ಟಕ್ಕೆ ಹೋಯಿತು? ಕನ್ನಡಕ ಮರೆತು ಬಂದಿದ್ದೇನೆ."

ಗೆಳತಿ ಓದಿ ಹೇಳಿದಳು. ಅವರು ಕೈಚೀಲದಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. ಮುಂದಿನದಕ್ಕೂ ಕೇಳಿದರು, ಬರೆದರು.

"ಮದಾಂ, ನೀವು ವೈನ್ ವ್ಯಾಪಾರದವರಾ?" ಅಂತ ನಾನು ಗೆಳತಿಯ ಕೈಲಿ ಕೇಳಿಸಿದೆ.

ಅವರು ನಕ್ಕುಬಿಟ್ಟರು. "ನಾನು ಇದರೊಳಗೆ ಮಲಗಿದ್ದವಳು," ಅಂತ ಎದುರಿನ ಓತೆಲ್-ದ್ಯೂ ಕಡೆ ಗಲ್ಲ ಎತ್ತಿ ತೋರಿಸಿದರು. ಚಿಕ್ಕವಳಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಗಿದ್ದು ಅಲ್ಲೇ ಅಂತೆ. ನಾನು ನಂಬಲಿಲ್ಲ. ಅದು ಮ್ಯೂಸಿಯಂ ಅಲ್ವಾ? ಗೆಳತಿ ಫೋನು ತೆಗೆದು ನೋಡಿದಳು. 1971ರವರೆಗೂ ಅಲ್ಲಿ ರೋಗಿಗಳಿದ್ದರು!

"ಕೆಂಪು ಪರದೆ ನೆನಪಿದೆಯಾ?"

"ಪರದೆ ನೋಡೋಕೆ ನೀವು ಟಿಕೆಟ್ ಕೊಟ್ಟಿದ್ದೀರಿ. ನನಗೆ ನೆನಪಿರುವುದು ಕಾಲಿಗೆ ತಾಗುತ್ತಿದ್ದ ತಣ್ಣಗಿನ ನೆಲ. ಮತ್ತೆ ಸಿಸ್ಟರುಗಳ ಬಿಳಿ ಟೋಪಿ. ರಾತ್ರಿ ಅದು ಮಾತ್ರ ಓಡಾಡಿದ ಹಾಗೆ ಕಾಣುತ್ತಿತ್ತು."

"ಮತ್ತೆ ಈ ಲೆಕ್ಕ ಯಾಕೆ ಬರೆಯುತ್ತಿದ್ದೀರಿ?"

"ನನ್ನ ಗಂಡ ಈಗ ಊರಾಚೆಯ ಹೊಸ ಆಸ್ಪತ್ರೆಯಲ್ಲಿದ್ದಾನೆ, ಮಂಡಿ ಆಪರೇಷನ್. ಸಂಜೆ ಹೋದ ತಕ್ಷಣ ಕೇಳುತ್ತಾನೆ, ಈ ವರ್ಷ ನಮಗೆ ಎಷ್ಟು ಬಂತು ಅಂತ."

ನಮಗೆ ಅಂದರು. ಆಗ ನನಗೆ ಇಡೀ ಹರಾಜು ಬೇರೆಯಾಗಿ ಕಾಣತೊಡಗಿತು. ನಮ್ಮಲ್ಲಿ ದೇವಸ್ಥಾನಕ್ಕೆ ಜಮೀನು ಬರೆದುಕೊಟ್ಟ ಹಾಗೆ ಇಲ್ಲಿ ಜನ ನೂರಾರು ವರ್ಷ ಆಸ್ಪತ್ರೆಗೆ ದ್ರಾಕ್ಷಿತೋಟ ಬರೆದುಕೊಟ್ಟಿದ್ದಾರೆ. ಈಗ ಸುಮಾರು 60 ಹೆಕ್ಟೇರ್ ಇದೆ. ಪೀಪಾಯಿಗಳಿಗೂ ಕೊಟ್ಟವರ ಹೆಸರೇ. 1859ರಿಂದ ಆ ತೋಟದ ವೈನನ್ನು ಹೀಗೆ ಹರಾಜು ಹಾಕುತ್ತಿದ್ದಾರೆ, ಹಣ ಆಸ್ಪತ್ರೆಗೆ. ಒಂದು ವಿಶೇಷ ಪೀಪಾಯಿಯ ಹಣ ಮಾತ್ರ ಪ್ರತಿವರ್ಷ ಹೊರಗಿನ ಸೇವಾಸಂಸ್ಥೆಗಳಿಗೆ ಹೋಗುತ್ತದೆ. 2022ರಲ್ಲಿ ಅಂಥ ಒಂದು ಕೊರ್ತೋಂ ಎಂಬ ವೈನಿನ ಪೀಪಾಯಿ 8,10,000 ಯೂರೋಗೆ ಹೋಯಿತು. ಹಿಂದೆ ಮೇಣದ ಬತ್ತಿ ಹಚ್ಚಿಟ್ಟು, ಅದು ಆರುವ ಮುಂಚಿನ ಕೊನೆಯ ಕೂಗಿಗೆ ಕೊಡುತ್ತಿದ್ದರಂತೆ.

"ಈ ವೈನ್ ನೀವು ಕುಡಿದಿದ್ದೀರಾ?" ಕೊನೆಗೆ ಕೇಳಿಯೇಬಿಟ್ಟೆ.

"ಮದುವೆಯೊಂದರಲ್ಲಿ, ಒಂದು ಲೋಟ. ಚೆನ್ನಾಗಿತ್ತು. ಮನೆಯಲ್ಲಿ ನಾವು ಅಲಿಗೊತೇ ಕುಡಿಯುತ್ತೇವೆ, ಅಗ್ಗದ ಬಿಳಿ ವೈನು. ಇದನ್ನು ದುಡ್ಡಿದ್ದವರು ಕುಡಿಯಲಿ ಬಿಡಿ, ನಮಗೆ ಸ್ಕ್ಯಾನಿಂಗ್ ಮೆಷಿನ್ ಬರುತ್ತೆ. ಈಗಿನದು ಎಷ್ಟಾಯಿತು?"

ಕತ್ತಲಾಗುವವರೆಗೂ ನಾವು ಅವರಿಗೆ ರೇಟು ಓದಿ ಹೇಳಿದೆವು.

ಮಾರನೇ ದಿನ ದಿಜೋನ್‌ಗೂ ಬೋನ್‌ಗೂ ನಡುವೆ ಇರುವ ನ್ವೀ-ಸೇಂ-ಜಾರ್ಜ್‌ನಲ್ಲಿ ರೈಲು ಇಳಿದು, ವೋನ್-ರೊಮನೇ ಹಳ್ಳಿಗೆ ನಡೆದೆವು. ಭಾರೀ ದುಬಾರಿ ವೈನಿಗೆ ಹೆಸರಾದ ರೊಮನೇ-ಕೊಂತಿ ತೋಟ ಅಲ್ಲೇ ಇರುವುದು. 1.81 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆ ಅಷ್ಟೇ. ಮೊಣಕಾಲೆತ್ತರದ ಗೋಡೆ, ಒಂದು ಕಲ್ಲಿನ ಶಿಲುಬೆ, ದಯವಿಟ್ಟು ತೋಟದೊಳಗೆ ಕಾಲಿಡಬೇಡಿ ಎನ್ನುವ ಬೋರ್ಡು. ಇಲ್ಲಿನ 1945ರ ಒಂದೇ ಒಂದು ಬಾಟಲಿ 2018ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ಆ ವರ್ಷ ಆಗಿದ್ದೇ 600 ಬಾಟಲಿ. ಆಮೇಲೆ ಹಳೇ ಬಳ್ಳಿಗಳನ್ನು ಕಿತ್ತುಹಾಕಿದ್ದರಿಂದ 1952ರವರೆಗೆ ಈ ವೈನೇ ಇರಲಿಲ್ಲ. ಬಾಟಲಿ ಬಂದಿದ್ದು ಬೋನ್‌ನ ವ್ಯಾಪಾರಿ ರೊಬೇರ್ ದ್ರೂಎಂ ಅವರ ಸ್ವಂತ ನೆಲಮಾಳಿಗೆಯಿಂದ. ಸಂಗ್ರಹಕಾರರಿಗೆ ಈ ಪೂರ್ವಾಪರವೇ ಮುಖ್ಯ. ಯಾಕೆಂದರೆ ಮೋಸವೂ ಅಷ್ಟೇ ಇದೆ. ಹತ್ತಿರದ ಮೋರೆ-ಸೇಂ-ದೆನಿ ಹಳ್ಳಿಯ ಪೊನ್ಸೊ ಮನೆತನ ಕ್ಲೋ ಸೇಂ-ದೆನಿ ವೈನ್ ಮಾಡತೊಡಗಿದ್ದು 1982ರಲ್ಲಿ. 2008ರಲ್ಲಿ ನ್ಯೂಯಾರ್ಕಿನಲ್ಲಿ ಅದೇ ಹೆಸರಿನ 1945ರ ಬಾಟಲಿ ಹರಾಜಿಗೆ ಬಂದಿತ್ತು! ಮನೆಯ ಯಜಮಾನರೇ ವಿಮಾನ ಹತ್ತಿ ಹೋಗಿ ತಡೆದರು. ಅದನ್ನು ಮಾರಲು ಕೊಟ್ಟಿದ್ದ ರೂಡಿ ಕುರ್ನಿಯಾವಾನ್‌ಗೆ 2014ರಲ್ಲಿ ಹತ್ತು ವರ್ಷ ಜೈಲಾಯಿತು.

ಗೋಡೆಯ ಹತ್ತಿರ ಫೋಟೊ ತೆಗೆಸಿಕೊಳ್ಳಲು ಕ್ಯೂ ಇತ್ತು. ನಾವೂ ನಿಂತೆವು, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆದರೂ ಬಿಟ್ಟಿ ನೋಡಲು ಸಿಕ್ಕ ಈ ತೋಟಕ್ಕಿಂತ ಬೋನ್‌ನ ಬೀದಿಯೇ ನನಗೆ ಇಷ್ಟವಾಯಿತು. ಇನ್ನೊಂದು ಮಾತು. ಸೋಮವಾರ ಹಳ್ಳಿಯಲ್ಲಿ ಅಂಗಡಿ ಹೋಟೆಲು ಎಲ್ಲ ಮುಚ್ಚಿದ್ದವು. ನ್ವೀಗೆ ವಾಪಸು ಬರುವವರೆಗೂ ಒಂದು ಲೋಟ ಕಾಫಿಯೂ ಸಿಗಲಿಲ್ಲ. ಹೋಗುವವರು ಹಿಂದಿನ ದಿನವೇ ಬೋನ್‌ನಲ್ಲಿ ಒಂದಷ್ಟು ಗೂಜೇರ್ ಕಟ್ಟಿಸಿಕೊಂಡಿರಿ.