ಸಿಪ್ಪೆ ಪುಕ್ಕಟೆ, ಸಕ್ಕರೆ ಅಲ್ಲ

ಫೆಬ್ರವರಿಯ ಒಂದು ಭಾನುವಾರ ಮಗಳ ಹುಟ್ಟುಹಬ್ಬ. ನಲವತ್ತು ಜನ ಬರುವವರಿದ್ದರು. ಊಟದ ಕೊನೆಗೆ ಫ್ರೂಟ್ ಸಲಾಡ್ ಮನೆಯಲ್ಲೇ ಮಾಡೋಣ ಅಂತ ಹಟ ಹಿಡಿದವಳು ನಾನೇ. ಎರಡು ಕಲ್ಲಂಗಡಿ, ಮೂರು ಅನಾನಸು, ಮೂರು ಕೆಜಿ ಕಿತ್ತಳೆ, ಎರಡು ಕೆಜಿ ಸೇಬು. ರಾತ್ರಿ ಎಲ್ಲರೂ ಹೋದ ಮೇಲೆ ನೋಡಿದರೆ ಅಡುಗೆಮನೆ ಮೂಲೆಯಲ್ಲಿ ಬೇಸಿನ್ನುಗಟ್ಟಲೆ ಸಿಪ್ಪೆ. ತಿಂದದ್ದಕ್ಕಿಂತ ಬಿಟ್ಟದ್ದೇ ಜಾಸ್ತಿಯೇನೋ ಅನ್ನಿಸಿತು.

ಮೈಸೂರಿನ ನಮ್ಮ ಬೀದಿಗೆ ಕಸದ ಗಾಡಿ ಬೆಳಿಗ್ಗೆ ಏಳಕ್ಕೆಲ್ಲ ಸೀಟಿ ಊದಿಕೊಂಡು ಬರುತ್ತದೆ. ಹಸಿ ಕಸದ ಬಕೆಟ್‌ಗೆ ಎಲ್ಲ ಸುರಿಯೋಣ ಅಂತ ಹೊರಟೆ. ಅತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ಕಿತ್ತಳೆ ಸಿಪ್ಪೆ ಹಾಕಬೇಡ ಮಾರಾಯ್ತಿ. ಗೊಜ್ಜಿಗೆ ಬೇಕು.”

ಅಷ್ಟೇ ಅವರು ಹೇಳಿದ್ದು. ಉಳಿದದ್ದೆಲ್ಲ ನನ್ನ ತಲೆಯ ಕಾರುಬಾರು. ಕಿತ್ತಳೆ ಸಿಪ್ಪೆ ಉಳಿಸಬಹುದಾದರೆ ಸೇಬಿನದ್ದು ಯಾಕಾಗಬಾರದು? ಅನಾನಸಿನದ್ದು? ಹಿಂದೊಮ್ಮೆ ಓದಿದ ಲೆಕ್ಕವೂ ನೆನಪಾಯಿತು. 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತು, ಅದರಲ್ಲಿ ನೂರಕ್ಕೆ ಅರವತ್ತರಷ್ಟು ಮನೆಗಳಿಂದಲೇ ಅಂತ ವಿಶ್ವಸಂಸ್ಥೆಯ ವರದಿ ಹೇಳಿತ್ತು. ಅವತ್ತು ರಜೆ ಬೇರೆ ಹಾಕಿದ್ದೆ. ಸೀರೆ ಸೆರಗು ಸಿಕ್ಕಿಸಿಕೊಂಡು ಜಗತ್ತನ್ನು ಉಳಿಸೋಕೆ ನಿಂತೆ.

ಪುಣ್ಯಕ್ಕೆ ಹೆಚ್ಚುವಾಗ ಒಂದೊಂದು ಹಣ್ಣಿನದ್ದು ಒಂದೊಂದು ಕಡೆ ಬಿದ್ದಿತ್ತು. ಹಣ್ಣನ್ನೆಲ್ಲ ಉಪ್ಪುನೀರಲ್ಲಿ ನೆನೆಸಿ ತೊಳೆದೇ ಹೆಚ್ಚಿದ್ದೆವು. ಎಂಜಲಿನದ್ದೇನೂ ಅದರಲ್ಲಿ ಸೇರಿಲ್ಲ ತಾನೇ ಅಂತ ಅತ್ತೆ ಎರಡೆರಡು ಸಲ ಕೇಳಿದರು.

ಮೊದಲು ಗೊಜ್ಜು. ಅತ್ತೆ ಸಾಗರದ ಕಡೆಯವರು. ಅಳತೆ ಅಂತ ಏನೂ ಹೇಳುವುದಿಲ್ಲ, ನಾವೇ ಕೈ ನೋಡಿಕೊಂಡು ಕಲಿಯಬೇಕು. ಹತ್ತು ಹಣ್ಣಿನ ಸಿಪ್ಪೆಯ ಒಳಗಿನ ಬಿಳಿಯನ್ನು ಚಮಚದಿಂದ ಕೆರೆದು ತೆಗೆದರು. ಕಹಿ ಇರುವುದು ಅಲ್ಲೇ ಜಾಸ್ತಿ. ಸಣ್ಣಗೆ ಹೆಚ್ಚಿ, ಒಮ್ಮೆ ನೀರಲ್ಲಿ ಕುದಿಸಿ ಆ ನೀರು ಚೆಲ್ಲಿದರು. ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು. ಅದರಲ್ಲಿ ಸಿಪ್ಪೆ ಹುರಿದು, ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಅಂಗೈಯಗಲದ ಬೆಲ್ಲ. ಒಣಮೆಣಸು, ಮೆಂತ್ಯ, ಉದ್ದಿನಬೇಳೆ, ಎಳ್ಳು ಹುರಿದು ಪುಡಿ ಮಾಡಿದ್ದನ್ನು ಕೊನೆಗೆ ಹಾಕಿದರು. ಸಣ್ಣ ಉರಿಯಲ್ಲಿ ಕುದಿದು ಕುದಿದು ಅಂಚಿನಲ್ಲಿ ಎಣ್ಣೆ ಬಿಟ್ಟಿತು. ಮುಕ್ಕಾಲು ಗಂಟೆ ಆಗಿರಬಹುದು. ಹುಳಿ, ಸಿಹಿ, ಖಾರ, ಎಲ್ಲದರ ಹಿಂದೆ ಒಂದು ತೆಳು ಕಹಿ. ಬಿಸಿ ಅನ್ನಕ್ಕೆ ಕಲಸಿಕೊಂಡು ಅಲ್ಲೇ ಒಲೆ ಪಕ್ಕ ನಿಂತೇ ತಿಂದೆ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಅನಾನಸಿನ ಸಿಪ್ಪೆಯಿಂದ ಜೆಲ್ಲಿ ಮಾಡಬೇಕು ಅಂತ ನನ್ನ ಆಸೆ. ಸಿಪ್ಪೆ ಕುದಿಸಿದಾಗ ಬಂದ ಘಮಕ್ಕೆ ಪಕ್ಕದ ಮನೆ ಮಗು ಕಿಟಕಿಗೆ ಬಂದು ನಿಂತಿತು. ಸೋಸಿ, ಸಕ್ಕರೆ ಸುರಿದು, ನಿಂಬೆರಸ ಹಿಂಡಿ ಕುದಿಸಿದೆ. ಅರ್ಧ ಗಂಟೆ. ಒಂದು ಗಂಟೆ. ಗಟ್ಟಿಯಾಗಲೇ ಇಲ್ಲ. ಜೋನಿ ಬೆಲ್ಲದ ಹಾಗೆ ಚಮಚದಿಂದ ಸುರಿಯುತ್ತಲೇ ಇತ್ತು.

ನಮ್ಮ ಮೇಲಿನ ಮನೆಯ ಆಂಟಿ ಸಿಎಫ್‌ಟಿಆರ್‌ಐನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅದೇ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಆಹಾರ ಸಂಶೋಧನಾಲಯ. ಮೈಸೂರಿನಲ್ಲಿ ಇದೊಂದು ಅನುಕೂಲ, ಉಪ್ಪಿನಕಾಯಿ ಕೆಟ್ಟರೂ ಕೇಳೋಕೆ ವಿಜ್ಞಾನಿ ಸಿಗುತ್ತಾರೆ. ಅವರು ಬಂದು ಪಾತ್ರೆಗೆ ಇಣುಕಿ ನಕ್ಕರು.

“ಅನಾನಸಲ್ಲಿ ಪೆಕ್ಟಿನ್ ಕಮ್ಮಿ ಕಣಮ್ಮ. ಗಟ್ಟಿ ಕಟ್ಟಿಸೋದು ಅದೇ. ಅದಿರೋದು ಸೇಬಿನ ಸಿಪ್ಪೆಯಲ್ಲಿ, ಬೀಜ ಇರೋ ನಡುಭಾಗದಲ್ಲಿ. ಕಿತ್ತಳೆಯ ಬಿಳಿಯಲ್ಲೂ ಬೇಕಾದಷ್ಟಿದೆ. ಅದನ್ನು ಕೆರೆದು ಎಸೆದಿರಾ?”

ಎಸೆದಿದ್ದೆವು. ಕಹಿ ಅಂತ ಅತ್ತೆಗೆ ಬೇಡವಾದದ್ದೇ ಜೆಲ್ಲಿಗೆ ಬೇಕಾಗಿತ್ತು.

ಸೇಬಿನದ್ದು ಇನ್ನೂ ಇತ್ತು, ಕಂದು ಬಣ್ಣಕ್ಕೆ ತಿರುಗಿತ್ತು ಅಷ್ಟೇ. ಬೀಜ ಮಾತ್ರ ಆರಿಸಿ ತೆಗೆದೆ. ಮುಳುಗುವಷ್ಟು ನೀರು ಹಾಕಿ ನಲವತ್ತು ನಿಮಿಷ ಬೇಯಿಸಿ, ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ ನಲ್ಲಿಗೆ ನೇತುಹಾಕಿದೆ. ಹಿಂಡಬೇಡ, ರಸ ಮಬ್ಬಾಗುತ್ತದೆ ಅಂದಿದ್ದರು ಆಂಟಿ. ಹನಿ ಹನಿ ಬೀಳುವುದನ್ನು ಎರಡು ಗಂಟೆ ನೋಡಿ ಸಾಕಾಗಿ ಹಿಂಡಿಯೇಬಿಟ್ಟೆ. ಮಬ್ಬಾಯಿತು. ಹೋಗಲಿ, ರುಚಿಗೇನು ಮಬ್ಬು?

ಆ ರಸವನ್ನು ಅನಾನಸಿನ ಪಾಕಕ್ಕೆ ಸೇರಿಸಿ, ಇನ್ನಷ್ಟು ಸಕ್ಕರೆ ಹಾಕಿ ಮತ್ತೆ ಕುದಿಸಿದೆ. ಥರ್ಮಾಮೀಟರ್ ಇದ್ದರೆ 105 ಡಿಗ್ರಿ ಮುಟ್ಟಿದಾಗ ಒಲೆಯಿಂದ ಇಳಿಸಬೇಕಂತೆ. ಇಲ್ಲದಿದ್ದರೆ ಫ್ರೀಜರ್‌ನಲ್ಲಿ ಸ್ಟೀಲ್ ತಟ್ಟೆ ಇಟ್ಟು, ಒಂದು ಹನಿ ಬಿಟ್ಟು, ಬೆರಳಿಂದ ತಳ್ಳಿ ನೋಡಬೇಕು. ಮೊದಲ ಹನಿ ಹರಿದುಹೋಯಿತು. ಎರಡನೆಯದೂ ಹಾಗೇ. ಐದನೇ ಸಲ ತಳ್ಳಿದಾಗ ಹನಿಯ ಮೇಲೆ ಹಾಲಿನ ಕೆನೆಯ ಹಾಗೆ ಸುಕ್ಕು ಬಿತ್ತು. “ಬಂತು ಬಂತು” ಅಂತ ಕೂಗಿಕೊಂಡೆ. ಯಾರೋ ಊರಿಂದ ಬಂದರು ಅಂತ ಅತ್ತೆ ಹೊರಗೆ ಹೋಗಿ ನೋಡಿದರು.

ಕಲ್ಲಂಗಡಿಯದ್ದು ಚಿಕ್ಕ ಕತೆ. ಹಸಿರು ಹೆರೆದು, ಬಿಳಿ ಭಾಗವನ್ನು ಚೂರು ಮಾಡಿ ಟೂಟಿ ಫ್ರೂಟಿ ಮಾಡಲು ಹೊರಟೆ. ಪೇಠಾ ಮಾಡುವವರ ಹಾಗೆ ಮೊದಲು ಸುಣ್ಣದ ತಿಳಿನೀರಿನಲ್ಲಿ ನೆನೆಸಬೇಕು, ಆಗ ಚೂರು ಕರಗದೆ ಗಟ್ಟಿ ನಿಲ್ಲುತ್ತದೆ. ತಿನ್ನುವ ಸುಣ್ಣ ಎಲ್ಲಿ ಹುಡುಕೋದು? ಅತ್ತೆ ಸುಮ್ನೆ ತಮ್ಮ ಎಲೆ ಅಡಿಕೆ ತಟ್ಟೆ ಮುಂದಕ್ಕೆ ತಳ್ಳಿದರು. ಅರ್ಧದಷ್ಟು ಬಿಳಿಯನ್ನು ನನಗೆ ಕೊಡದೆ ತುರಿದು ಇಟ್ಟುಕೊಂಡರು. ಅಕ್ಕಿ ಜೊತೆ ರುಬ್ಬಿ ಮರುದಿನ ದೋಸೆ ಹುಯ್ದರು. ನಿಜ ಹೇಳಬೇಕೆಂದರೆ ದೋಸೆಯೇ ಚೆನ್ನಾಗಿತ್ತು. ಎರಡು ದಿನ ಪಾಕದಲ್ಲಿಟ್ಟು, ಎರಡು ದಿನ ಒಣಗಿಸಿದ ನನ್ನ ಟೂಟಿ ಫ್ರೂಟಿಯಲ್ಲಿ ಸಕ್ಕರೆ ಬಿಟ್ಟರೆ ಬೇರೆ ರುಚಿಯೇ ಇರಲಿಲ್ಲ.

ರಾತ್ರಿ ನಮ್ಮ ಯಜಮಾನರು ಸಕ್ಕರೆ ಡಬ್ಬ ಅಲ್ಲಾಡಿಸಿ ನೋಡಿದರು. “ಸಿಪ್ಪೆ ಉಳಿಸೋಕೆ ಎರಡು ಕೆಜಿ ಸಕ್ಕರೆ ಹೋಯ್ತಲ್ವಾ?” ಅಂದರು. ಒಲೆ ಎಷ್ಟು ಹೊತ್ತು ಉರಿದಿತ್ತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಗ್ಯಾಸ್ ಸಿಲಿಂಡರ್ ಆ ವಾರವೇ ಖಾಲಿಯಾಯಿತು.

ಅವರ ಮಾತು ಚುಚ್ಚಿತು. ರಸ ಬಸಿದ ಮೇಲೆ ಪಂಚೆಯಲ್ಲಿ ಸೇಬಿನ ತಿರುಳು ಉಳಿದಿತ್ತು. ಅದನ್ನು ಜರಡಿಯಲ್ಲಿ ತಿಕ್ಕಿ, ಏಲಕ್ಕಿ ಹಾಕಿ ಜಾಮ್ ಮಾಡಿದೆ. ಹಟಕ್ಕೆ ಬಿದ್ದು ಸಕ್ಕರೆ ಅರ್ಧಕ್ಕರ್ಧ ಇಳಿಸಿದೆ. ಬಾಟಲಿಯನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಬಿಸಿ ಬಿಸಿ ತುಂಬಿ ಕಪಾಟಿನಲ್ಲಿಟ್ಟೆ. ಎಲ್ಲ ಕ್ರಮ ಪ್ರಕಾರವೇ, ಸಕ್ಕರೆ ಒಂದನ್ನು ಬಿಟ್ಟು.

ಜೆಲ್ಲಿ ಮಗಳ ಬ್ರೆಡ್ಡಿಗೆ ಎರಡೇ ವಾರದಲ್ಲಿ ಖರ್ಚಾಯಿತು. ಮೂರನೇ ವಾರ ಜಾಮ್ ಬಾಟಲಿ ತೆಗೆದೆ. ಮೇಲೆ ಬೂದು ಬಣ್ಣದ ಬೂಷ್ಟು. ಮೇಲಿನದ್ದು ತೆಗೆದು ಕೆಳಗಿನದ್ದು ತಿನ್ನಬಹುದಾ ಅಂತ ಆಂಟಿಯನ್ನು ಕೇಳಿದೆ. “ಬೂಷ್ಟಿನ ಬೇರು ಕಣ್ಣಿಗೆ ಕಾಣಲ್ಲ, ಪೂರ್ತಿ ಎಸಿ” ಅಂದರು. ಜಾಮ್‌ನಲ್ಲಿ ನೂರಕ್ಕೆ ಅರವತ್ತೈದರಷ್ಟು ಸಕ್ಕರೆ ಇರುವುದು ಸಿಹಿಗಲ್ಲವಂತೆ. ನೀರನ್ನೆಲ್ಲ ಸಕ್ಕರೆಯೇ ಹಿಡಿದಿಟ್ಟುಕೊಂಡರೆ ಬೂಷ್ಟಿಗೆ ಕುಡಿಯಲು ನೀರು ಸಿಗುವುದಿಲ್ಲ. ಕಮ್ಮಿ ಹಾಕುವುದಾದರೆ ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಬೇಕಿತ್ತು.

ಈಗ ಮನೆಯಲ್ಲಿ ನನ್ನದೊಂದು ಲೆಕ್ಕ ಇದೆ. ಕಿತ್ತಳೆ ಸಿಪ್ಪೆ ಒಂದೂ ಆಚೆ ಹೋಗುವುದಿಲ್ಲ. ಸೇಬಿನ ಸಿಪ್ಪೆಯನ್ನು ಫ್ರೀಜರ್‌ನಲ್ಲಿ ಕೂಡಿಡುತ್ತೇನೆ, ಒಂದು ಡಬ್ಬ ತುಂಬಿದರೆ ಜೆಲ್ಲಿ. ಕಲ್ಲಂಗಡಿ ಬಿಳಿ ದೋಸೆಗೆ. ಅನಾನಸಿನ ಸಿಪ್ಪೆಯನ್ನು ಬೆಲ್ಲ, ಲವಂಗದ ಜೊತೆ ಒಂದು ಕುದಿ ಕುದಿಸಿ ಸೋಸಿ, ಪಾನಕದ ಹಾಗೆ ಕುಡಿದುಬಿಡುತ್ತೇವೆ. ಟೂಟಿ ಫ್ರೂಟಿ ಇನ್ನೂ ಅರ್ಧ ಡಬ್ಬ ಇದೆ. ಯಾರಿಗಾದರೂ ಬೇಕಾ?

ಅವತ್ತು ಬೆಳಿಗ್ಗೆ ಸೀಟಿ ಕೇಳಿದಾಗ ಜಾಮನ್ನೆಲ್ಲ ಹಸಿ ಕಸದ ಬಕೆಟ್‌ಗೆ ಸುರಿದೆ. ಖಾಲಿ ಬಾಟಲಿ ತಿಕ್ಕಿ ತೊಳೆದು ಬಿಸಿಲಿಗಿಟ್ಟು ಬಂದೆ. ಮಧ್ಯಾಹ್ನ ನೋಡಿದರೆ ಅತ್ತೆ ಅದರಲ್ಲಿ ಹೊಸ ಗೊಜ್ಜು ತುಂಬಿಸಿ, ಮುಚ್ಚಳದ ಕೆಳಗೆ ಒಂದು ಬಟ್ಟೆ ತುಂಡು ಕಟ್ಟುತ್ತಿದ್ದರು.

“ಇದನ್ನು ಮೇಲಿನ ಮನೆಯವರಿಗೆ ಕೊಟ್ಟು ಬಾ” ಅಂದರು. “ಬಿಳಿ ಕೆರೆದು ಎಸೆದದ್ದು ಯಾಕೆ ಅಂತ ತಿಂದರೆ ಗೊತ್ತಾಗ್ತದೆ.”