ಎನ್‌ಆರ್‌ಟಿ ಬರದ ಆ 20 ನಿಮಿಷ

ಮೊನ್ನೆ ಟೆಂಪೋರಲ್ ಬೋನ್ ಲ್ಯಾಬ್‌ನಲ್ಲಿ ನಮ್ಮ ಪಿಜಿ ಹುಡುಗನೊಬ್ಬ ಡ್ರಿಲ್ ಕೆಳಗಿಟ್ಟು "ಸರ್, ರೌಂಡ್ ವಿಂಡೋ ಸಿಕ್ತು" ಎಂದ. ರೌಂಡ್ ವಿಂಡೋ ಅಂದರೆ ಬಸವನಹುಳುವಿನಂಥ ಒಳಗಿವಿಗೆ, ಅಂದರೆ ಕಾಕ್ಲಿಯಾಗೆ, ಇರುವ ಪೊರೆ ಮುಚ್ಚಿದ ಪುಟ್ಟ ಕಿಟಕಿ. ಇಣುಕಿ ನೋಡಿದೆ. ಸಿಕ್ಕಿದ್ದು ಹೈಪೋಟಿಂಪಾನಿಕ್ ಸೆಲ್, ಕಿಟಕಿಗಿಂತ ಕೆಳಗಿನ ಮೂಳೆಯಲ್ಲಿರುವ ಗಾಳಿ ಗುಳಿ. ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಇಂಥದ್ದೇ ತೂತನ್ನು ರೌಂಡ್ ವಿಂಡೋ ಎಂದುಕೊಂಡಿದ್ದೆ. ಲ್ಯಾಬಿನ ಮೂಳೆಯಲ್ಲಲ್ಲ, 3 ವರ್ಷದ ಮಗುವಿನ ಕಿವಿಯಲ್ಲಿ.

ಅಂಗವಿಕಲರಿಗೆ ಉಪಕರಣ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಬಂದ ಮಗು ಅದು. ಹುಟ್ಟಿನಿಂದ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಗೆ ಎಲೆಕ್ಟ್ರೋಡ್ ತಂತಿ ಹಾಕಿ ಕೇಳಿಸುವ ಹಾಗೆ ಮಾಡುವ ಆಪರೇಷನ್) ಬೆಳಿಗ್ಗೆ ಮೊದಲ ಕೇಸ್ ಎಂದು ಲಿಸ್ಟ್‌ನಲ್ಲಿ ಬರೆಸಿದ್ದೆ. ಹೋಗಿ ನೋಡಿದರೆ ಮ್ಯಾನೇಜ್‌ಮೆಂಟ್ ಕಡೆಯ ಯಾರದೋ ಸೈನಸ್ ಕೇಸ್ ಮುಂದೆ ಬಂದಿತ್ತು. ಮಗುವನ್ನು ಹಾಲು ನೀರು ಇಲ್ಲದೆ ಮಧ್ಯಾಹ್ನದವರೆಗೆ ಕಾಯಿಸಿದರು. ಅಲ್ಲೇ ನನ್ನ ತಲೆ ಕೆಟ್ಟಿತ್ತು. ಸಿಟಿ ಸ್ಕ್ಯಾನಿನ ಸಿಡಿ ಕೇಳಿದ್ದಕ್ಕೆ ಫಿಲ್ಮ್ ಮಾತ್ರ ಕೊಟ್ಟಿದ್ದರು. ಅದನ್ನು ಕಿಟಕಿ ಬೆಳಕಿಗೆ ಹಿಡಿದು, ಕಾಕ್ಲಿಯಾ ನಾರ್ಮಲ್ ಇದೆ, ನರ ಇದೆ ಎಂದು ನೋಡಿ ಒಳಗಿಟ್ಟೆ. ಕೆಳಗಡೆ ಗಾಳಿ ಸೆಲ್‌ಗಳು ಎಲ್ಲಿವರೆಗೆ ಹರಡಿವೆ ಎಂದು ನೋಡಲೇ ಇಲ್ಲ.

ಕಿವಿ ಹಿಂದಿನ ಮಾಸ್ಟಾಯ್ಡ್ ಮೂಳೆ ಕೊರೆಯುವುದು ಬೇಗ ಮುಗಿಯಿತು. ಪೋಸ್ಟೀರಿಯರ್ ಟಿಂಪನಾಟಮಿ, ಅಂದರೆ ಅಲ್ಲಿಂದ ನಡುಗಿವಿಗೆ ದಾರಿ, ಮಾಡುವಾಗ ನರ್ವ್ ಮಾನಿಟರ್ ಒಂದು ಸಲ ಕೂಗಿತು. ಹೆದರಿಕೆ ಆಯಿತು. ಮುಖ ಅಲ್ಲಾಡಿಸುವ ಫೇಶಿಯಲ್ ನರ್ವ್ ಮೇಲಿನ ಮೂಳೆಯನ್ನು ಇನ್ನೂ ತೆಳು ಮಾಡಬೇಕಿತ್ತು, ಮಾಡದೆ ಬಿಟ್ಟೆ. ಹಾಗಾಗಿ ದಾರಿ ಕಿರಿದಾಯಿತು. ಸ್ಟೆಪೀಡಿಯಸ್ ಟೆಂಡನ್ ಅರ್ಧ ಕಾಣುತ್ತಿತ್ತು, ಅದು ಅಂಟಿರುವ ಪುಟ್ಟ ಮೂಳೆ ಸ್ಟೇಪಿಸ್ ಸರಿಯಾಗಿ ಕಾಣುತ್ತಿರಲಿಲ್ಲ. ಕೆಳಗೆ ಮಾತ್ರ ಒಂದು ದುಂಡನೆಯ ಕಪ್ಪು ಗುಳಿ, ಅದಕ್ಕೊಂದು ಅಂಚು, ಮೇಲೆ ತೆಳ್ಳಗಿನ ಪೊರೆ. "ನಿಶ್ ಸಿಕ್ತು" ಎಂದು, ರೌಂಡ್ ವಿಂಡೋ ಅಡಗಿರುವ ಗೂಡು ಎನ್ನುವ ಅರ್ಥದಲ್ಲಿ, ನಾನೇ ಜೋರಾಗಿ ಹೇಳಿದೆ. ಒಂದು ಸಲ ಬಾಯಲ್ಲಿ ಬಂದ ಮೇಲೆ ಕಣ್ಣೂ ಅದನ್ನೇ ನಂಬಿಬಿಟ್ಟಿತು.

ನಿಜವಾದ ನಿಶ್ ಇರುವುದು ಪ್ರೊಮಾಂಟರಿ ಎಂಬ ಮೂಳೆ ಉಬ್ಬಿನ ಹಿಂದೆ ಕೆಳಗೆ, ಸ್ಟೇಪಿಸ್‌ನಿಂದ ಸುಮಾರು 2 ಮಿಲಿಮೀಟರ್ ಕೆಳಗೆ. ಅಷ್ಟೇ. ಅದಕ್ಕಿಂತ ಕೆಳಗೆ ಇಳಿದರೆ ಸಿಗುವುದು ಗಾಳಿ ಸೆಲ್‌ಗಳು, ಇನ್ನೂ ಇಳಿದರೆ ಜುಗುಲರ್ ಬಲ್ಬ್ ಎಂಬ ದೊಡ್ಡ ರಕ್ತನಾಳ. ನಿಶ್ ಎನ್ನುವುದು ಒಂದು ಪುಟ್ಟ ಗುಹೆ. ಬಾಗಿಲ ಮೇಲೆ ಮಳೆ ಸೂರಿನ ಹಾಗೆ ಮೂಳೆ ಚಾಚಿರುತ್ತದೆ. ಎಷ್ಟೋ ಸಲ ಬಾಗಿಲಿಗೇ ಒಂದು ಸುಳ್ಳು ಪೊರೆ ಅಡ್ಡ ಇರುತ್ತದೆ, ಅದೇ ಮೆಂಬ್ರೇನ್ ಎಂದುಕೊಂಡರೂ ಕೆಟ್ಟಿತು. ಅಸಲಿ ಮೆಂಬ್ರೇನ್ ಒಳಗೆ ಓರೆಯಾಗಿ ಮಲಗಿರುತ್ತದೆ, ಸುಮಾರು 70 ಮೈಕ್ರಾನ್ ದಪ್ಪ. ಅದರಾಚೆ ಸ್ಕೇಲಾ ಟಿಂಪನಿ, ನಮ್ಮ ಎಲೆಕ್ಟ್ರೋಡ್ ಹೋಗಬೇಕಾದ ಜಾಗ. ಮಗು ಚಿಕ್ಕದು ಎಂದು ಈ ಅಳತೆ ಜಾಸ್ತಿ ಬದಲಾಗುವುದಿಲ್ಲ, ಕಾಕ್ಲಿಯಾ ಹುಟ್ಟುವಾಗಲೇ ದೊಡ್ಡವರ ಅಳತೆಯಲ್ಲಿರುತ್ತದೆ.

1772ರಲ್ಲೇ ಇಟಲಿಯ ಸ್ಕಾರ್ಪಾ ಈ ಮೆಂಬ್ರೇನ್ ಅನ್ನು ಎರಡನೇ ಕಿವಿತಮಟೆ ಎಂದು ಕರೆದಿದ್ದರು. ನನಗೆ ಆ ಹೆಸರು ತುಂಬಾ ಇಷ್ಟ. ಸ್ಟೇಪಿಸ್ ಒಳಗೆ ಒತ್ತಿದಾಗ ಕಾಕ್ಲಿಯಾದ ನೀರು ಕುಗ್ಗುವುದಿಲ್ಲ, ಎಲ್ಲಾದರೂ ಜಾಗ ಬೇಕಲ್ವಾ, ಈ ಪೊರೆ ಹೊರಗೆ ಉಬ್ಬಿ ಆ ಜಾಗ ಕೊಡುತ್ತದೆ. ಹಾಗಾಗಿ ಅದನ್ನು ಗುರುತು ಹಿಡಿಯುವುದಕ್ಕೂ ಒಂದು ದಾರಿ ಇದೆ. ನಿಶ್‌ನಲ್ಲಿ ಎರಡು ಹನಿ ಸಲೈನ್ ಬಿಟ್ಟು, ಮೇಲೆ ಸ್ಟೇಪಿಸ್ ಅನ್ನು ಮೆಲ್ಲಗೆ ಮುಟ್ಟಿದರೆ ಆ ನೀರಿನ ಹೊಳಪು ಅಲ್ಲಾಡುತ್ತದೆ. ಇದನ್ನು ಪ್ರತಿ ವರ್ಷ ಬೋರ್ಡ್ ಮೇಲೆ ಚಿತ್ರ ಬರೆದು ಪಾಠ ಮಾಡುತ್ತೇನೆ. ಆವತ್ತು ಮಾಡಲಿಲ್ಲ. ಸ್ಟೇಪಿಸ್ ಕಾಣಬೇಕಾದರೆ ನರ್ವ್ ಹತ್ತಿರ ಮತ್ತೆ ಡ್ರಿಲ್ ಹಿಡಿಯಬೇಕಿತ್ತು, ಹೊತ್ತಾಗಿತ್ತು, ಗುಳಿಯಂತೂ ಎದುರಿಗೇ ಇತ್ತು.

ಎಲೆಕ್ಟ್ರೋಡ್ ಸಲೀಸಾಗಿ ಹೋಯಿತು. ಪೂರ್ತಿ ಒಳಗೆ, ಒಂದೇ ಒಂದು ಕಡೆ ಸ್ವಲ್ಪ ತಡೆದ ಹಾಗೆ ಅನ್ನಿಸಿ ಮತ್ತೆ ಜಾರಿತು. ಇಂಪೀಡೆನ್ಸ್, ಅಂದರೆ ಕರೆಂಟ್ ಹರಿಯಲು ಇರುವ ತಡೆ, 22 ಎಲೆಕ್ಟ್ರೋಡ್‌ಗಳಲ್ಲೂ ಸರಿ. ಎಲ್ಲರೂ ಉಸಿರು ಬಿಟ್ಟೆವು. ಆಮೇಲೆ ಆಡಿಯಾಲಜಿಸ್ಟ್ ಮೇಡಂ ಲ್ಯಾಪ್‌ಟಾಪ್ ನೋಡುತ್ತಾ, "ಸರ್, ಎನ್‌ಆರ್‌ಟಿ ಬರ್ತಾ ಇಲ್ಲ" ಎಂದರು. ಎನ್‌ಆರ್‌ಟಿ ಅಂದರೆ ಎಲೆಕ್ಟ್ರೋಡ್‌ನ ಕರೆಂಟ್‌ಗೆ ಕಿವಿಯ ನರ ಕೊಡುವ ಉತ್ತರ.

"ಕರೆಂಟ್ ಏರಿಸಿ ನೋಡಿ."

"ಏರಿಸಿದೆ ಸರ್. ಯಾವ ಎಲೆಕ್ಟ್ರೋಡ್‌ನಲ್ಲೂ ಇಲ್ಲ."

"ಕಾಯಿಲ್ ಸರಿ ಕೂತಿದೆಯಾ ನೋಡಿ."

"ಕೂತಿದೆ ಸರ್. ಒಂದು ಎಕ್ಸ್‌ರೇ ತೆಗೆಸೋಣ್ವಾ?"

ಬೇಡ ಎಂದೆ. ಕೆಲವು ಮಕ್ಕಳಲ್ಲಿ ಎಲ್ಲ ಸರಿ ಇದ್ದರೂ ಟೇಬಲ್ ಮೇಲೆ ಎನ್‌ಆರ್‌ಟಿ ಬರುವುದಿಲ್ಲ, ಅದು ನಿಜ. ಆ ನಿಜವನ್ನೇ ಗುರಾಣಿ ಮಾಡಿಕೊಂಡೆ. ಇಂಪೀಡೆನ್ಸ್ ಚೆನ್ನಾಗಿದೆಯಲ್ಲ ಎಂದು ವಾದ ಮಾಡಿದೆ. ರಕ್ತ, ಸಲೈನ್ ತುಂಬಿದ ಗಾಳಿ ಸೆಲ್ ಒಳಗೂ ಇಂಪೀಡೆನ್ಸ್ ಚೆನ್ನಾಗಿಯೇ ಬರಬಹುದು ಎಂದು ನನಗೆ ಗೊತ್ತಿಲ್ಲದ್ದಲ್ಲ. ಇನ್ನೊಂದು ಸಲ ಮಾಡಿ, ಮತ್ತೊಂದು ಸಲ ಮಾಡಿ ಎನ್ನುತ್ತಾ ಮಗುವನ್ನು ಅನಸ್ತೇಶಿಯಾದಲ್ಲಿ ಮಲಗಿಸಿಕೊಂಡು 20 ನಿಮಿಷ ಕಳೆದೆ. ಮೇಡಂ ನನಗಿಂತ ತುಂಬಾ ಚಿಕ್ಕವರು. ಎದುರು ಮಾತಾಡಲಿಲ್ಲ. ಮೂರನೇ ಸಲ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರು, "ಒಂದು ಎಕ್ಸ್‌ರೇ ನೋಡೋಣ ಸರ್." ಅನಸ್ತೇಶಿಯಾ ಡಾಕ್ಟರ್ ತಲೆ ಎತ್ತಿ ನನ್ನ ಮುಖ ನೋಡಿದರು.

ಟೇಬಲ್ ಮೇಲೆಯೇ ಎಕ್ಸ್‌ರೇ ತೆಗೆಯುವ ಸಿ-ಆರ್ಮ್ ಮೆಷಿನ್ ಆರ್ಥೋ ಓಟಿಯಲ್ಲಿತ್ತು. ಇಡೀ ಬ್ಲಾಕ್‌ಗೆ ಒಂದೇ. ಅದು ಬರುವವರೆಗೆ ಕಾದ ಹೊತ್ತು ನನಗೆ ಇವತ್ತಿಗೂ ನೆನಪಿದೆ, ಮಾನಿಟರ್‌ನ ಬೀಪ್ ಬಿಟ್ಟರೆ ಯಾರ ಮಾತೂ ಇಲ್ಲ. ಚಿತ್ರ ಬಂತು. ಬಸವನಹುಳುವಿನ ಸುರುಳಿ ಕಾಣಬೇಕಾದಲ್ಲಿ ಎಲೆಕ್ಟ್ರೋಡ್ ಕೆಳಗಡೆ ಮುದುಡಿ ಬಿದ್ದಿತ್ತು.

ಇನ್ನೊಂದು ಸೆಟ್ ಆವತ್ತು ನಮ್ಮ ಕೈಯಲ್ಲಿ ಇರಲಿಲ್ಲ. ಹಾಕಿದ್ದು ಸ್ಟ್ರೇಟ್ ಅರೇ, ಅಂದರೆ ನೇರ ಎಲೆಕ್ಟ್ರೋಡ್, ಆಗಿದ್ದರಿಂದ ಉಳಿದೆವು. ಮೆಲ್ಲಗೆ ಹೊರಗೆ ತೆಗೆದು ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ಎಲ್ಲೂ ಮುರಿದಿರಲಿಲ್ಲ. ನರ್ವ್ ಮೇಲಿನ ಮೂಳೆಯನ್ನು ಮೊದಲೇ ಮಾಡಬೇಕಿದ್ದ ಹಾಗೆ ತೆಳು ಮಾಡಿದೆ. ಮಾನಿಟರ್ ಕೂಗಲಿಲ್ಲ. ಸ್ಟೇಪಿಸ್ ಪೂರ್ತಿ ಕಂಡಿತು, ಅಲ್ಲಿಂದ ಕೆಳಗೆ ಇಳಿದೆ. ನಿಶ್ ಅಲ್ಲೇ ಇತ್ತು, ಇಷ್ಟು ಹೊತ್ತೂ ನಾನು ಬಿಟ್ಟ ಮೂಳೆಯ ಮರೆಯಲ್ಲಿ. ಸಲೈನ್ ಬಿಟ್ಟು ಸ್ಟೇಪಿಸ್ ಮುಟ್ಟಿದೆ. ಹೊಳಪು ಅಲ್ಲಾಡಿತು. ಸೂರಿನ ಮೂಳೆಯನ್ನು 1 ಮಿಲಿಮೀಟರ್ ಡೈಮಂಡ್ ಬರ್‌ನಲ್ಲಿ, ಕಡಿಮೆ ಸ್ಪೀಡ್‌ನಲ್ಲಿ ಸವೆಸಿದ ಮೇಲೆ ಬೂದು ಬಣ್ಣದ ಮೆಂಬ್ರೇನ್ ಕಂಡಿತು. ಸೀಳಿ, ಕಾಕ್ಲಿಯಾ ಒಳಗಿನ ತೆಳು ಮೂಳೆ ಸ್ಪೈರಲ್ ಲ್ಯಾಮಿನಾಗೆ ತಾಗದ ಹಾಗೆ ಎಲೆಕ್ಟ್ರೋಡನ್ನು ಮುಂದಕ್ಕೆ ಕೆಳಕ್ಕೆ ತಿರುಗಿಸಿ ಹಾಕಿದೆ. ಮೇಡಂ ಏನೂ ಹೇಳದೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಎನ್‌ಆರ್‌ಟಿ ಬಂದಿತ್ತು.

ಸಂಜೆ ಮನೆಯವರನ್ನು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲು ತಪ್ಪು ಜಾಗಕ್ಕೆ ಹೋಗಿತ್ತು, ತೆಗೆದು ಸರಿಯಾದ ಜಾಗಕ್ಕೆ ಹಾಕಿದ್ದೇವೆ ಎಂದು. ತಾಯಿ, "ಪಾಪುಗೆ ಜಾಸ್ತಿ ನೋವಾಗುತ್ತಾ ಸಾರ್?" ಎಂದರು. ತಾತ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹೇಳದೆ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ ಸಾರ್?" ಎಂದು ಕೇಳಿದರು. ಇಲ್ಲ ಎಂದೆ.

ಸುಮ್ನೆ ಲಿಸ್ಟ್ ಮೇಲೆ, ಫಿಲ್ಮ್ ಮೇಲೆ ತಪ್ಪು ಹಾಕುವುದಿಲ್ಲ. ಆ ಗುಳಿಗೆ ಹೆಸರು ಕೊಟ್ಟವನು ನಾನು. ಆದರೂ ಎರಡನೇ ಸಿ-ಆರ್ಮ್ ಬೇಕೆಂದು ಎರಡು ಸಲ ಬರೆದು ಕೊಟ್ಟಿದ್ದೇನೆ, ಫೈಲ್ ಇನ್ನೂ ಅಲ್ಲೇ ಇದೆ. ಈಗ ಇಂಪ್ಲಾಂಟ್ ಕೇಸ್ ಇದ್ದರೆ ಹಿಂದಿನ ದಿನವೇ ಸಿ-ಆರ್ಮ್ ರಿಜಿಸ್ಟರ್‌ನಲ್ಲಿ ನಮ್ಮ ಹೆಸರು ಬರೆಸುತ್ತೇವೆ. ಎನ್‌ಆರ್‌ಟಿ ಬರದಿದ್ದರೆ ಅದನ್ನು ಕರೆಸುವುದು ಮೇಡಂ. ನನ್ನನ್ನು ಕೇಳುವುದಿಲ್ಲ.